ಮೂಗಿಗೆ ತುಪ್ಪ ಸವರುವ ಹೋಟೆಲ್ ಪಾಯಿಂಟುಗಳು!



ಒಮ್ಮೆ ನಿಮ್ಮ ಪರ್ಸು ತೆಗೆದು ನೋಡಿಕೊಳ್ಳಿ. ಪರ್ಸಿನಲ್ಲಿ ಇಲ್ಲದಿದ್ದರೆ ಮೊಬೈಲಿನಲ್ಲಿ ನೋಡಿ. ಮ್ಯಾರಿಯಟ್‌ನವರದೊಂದು, ಹಿಲ್ಟನ್‌ನವರದೊಂದು, ಅಕೋರ್‌ನವರದೊಂದು, ತಾಜ್‌ನವರದೊಂದು, ಐಟಿಸಿಯವರದೊಂದು! ಕೆಲಸದ ಮೇಲೆ ಪುಣೆ, ಹೈದರಾಬಾದ್, ಚೆನ್ನೈ ಎಂದು ತಿಂಗಳೆಲ್ಲ ಅಲೆಯುವ ನಮ್ಮ ಹುಡುಗರು ಇಬ್ಬರು ಸೇರಿದರೆ ಸಾಕು, 'ನಿಂದು ಯಾವುದಪ್ಪಾ, ಗೋಲ್ಡಾ? ಪ್ಲಾಟಿನಮ್ಮಾ?' ಎಂದು ಕುಲ ಗೋತ್ರ ವಿಚಾರಿಸಿದಂತೆ ವಿಚಾರಿಸುತ್ತಾರೆ. 'ನನ್ನ ಹತ್ತಿರ ಎಂಬತ್ತು ಸಾವಿರ ಪಾಯಿಂಟ್ ಇದೆ ಗೊತ್ತಾ?' ಎಂದು ಎದೆ ಸೆಟೆಸುತ್ತಾರೆ.

ಇರಲಿ. ಒಂದೇ ಒಂದು ಪ್ರಶ್ನೆಗೆ ಉತ್ತರ ಕೊಡಿ. ನಿಮ್ಮ ಒಂದು ಪಾಯಿಂಟಿನ ಬೆಲೆ ಎಷ್ಟು ಪೈಸೆ? ಇವತ್ತು ಎಷ್ಟು? ಬರುವ ವರ್ಷ ಎಷ್ಟಾಗಿರುತ್ತದೆ?

ಗೊತ್ತಿಲ್ಲ ಅಲ್ಲವೇ? ಗೊತ್ತಾಗಬಾರದು ಎಂದೇ ಆ ವ್ಯವಸ್ಥೆಯನ್ನು ಕಟ್ಟಿದ್ದಾರೆ. ಬೆಲೆ ಗೊತ್ತಿಲ್ಲದ ವಸ್ತುವನ್ನು ಕೂಡಿಡುವವನಿಗೆ ನಮ್ಮ ಊರುಗಳಲ್ಲಿ ಏನೆಂದು ಕರೆಯುತ್ತಾರೆ ಎಂಬುದನ್ನು ನಾನು ಇಲ್ಲಿ ಬರೆಯುವುದಿಲ್ಲ.

ಪ್ರೆಸ್ಸಿನ ಪಾಯಿಂಟು, ಹೋಟೆಲಿನ ಪಾಯಿಂಟು

ನಾನು ಪ್ರಿಂಟಿಂಗ್ ಪ್ರೆಸ್ ನಡೆಸುವವನು. ನಮ್ಮ ಕಸುಬಿನಲ್ಲೂ ಪಾಯಿಂಟ್ ಎಂಬುದಿದೆ. ಅಕ್ಷರದ ಅಳತೆ ಅದು. ಡಿಟಿಪಿಯಲ್ಲಿ ಒಂದು ಇಂಚಿಗೆ 72 ಪಾಯಿಂಟು. ಬೆಂಗಳೂರಿನಲ್ಲೂ ಅಷ್ಟೇ, ಬೀದರಿನಲ್ಲೂ ಅಷ್ಟೇ, ಬರ್ಲಿನ್ನಿನಲ್ಲೂ ಅಷ್ಟೇ. ಹಬ್ಬದ ಸೀಸನ್ ಬಂತೆಂದು 72 ಇದ್ದದ್ದು 100 ಆಗುವುದಿಲ್ಲ. ಗಿರಾಕಿ ಎರಡು ವರ್ಷ ಬರಲಿಲ್ಲವೆಂದು ಅಕ್ಷರ ಅಳಿಸಿಹೋಗುವುದಿಲ್ಲ. ಅಳತೆ ಎಂದರೆ ಅದು. ಯಾರ ಮರ್ಜಿಗೂ ಬಗ್ಗದೆ ನಿಂತರೆ ಮಾತ್ರ ಅದು ಅಳತೆ.

ಮೆಸ್ಸುಗಳಿಗೆ ಊಟದ ಕೂಪನ್ ಪುಸ್ತಕವನ್ನೂ ನಮ್ಮಂಥವರೇ ಅಚ್ಚು ಹಾಕಿಕೊಡುವುದು. ಮೂವತ್ತು ಚೀಟಿ, ಮೂವತ್ತು ಊಟ. ಮೆಸ್ಸಿನವರು ಮಧ್ಯದಲ್ಲಿ 'ಇವತ್ತು ಭಾನುವಾರ, ರಶ್ ಜಾಸ್ತಿ, ಒಂದು ಊಟಕ್ಕೆ ನಾಲ್ಕು ಚೀಟಿ ಹರಿ' ಎಂದರೆ ನೀವು ಸುಮ್ಮನಿರುತ್ತೀರಾ? ತಟ್ಟೆ ಎತ್ತಿ ಕುಕ್ಕುತ್ತೀರಿ! ಆದರೆ ಅದೇ ಕೆಲಸವನ್ನು ಗಾಜಿನ ಲಾಬಿಯಲ್ಲಿ, ಕೋಟು ಹಾಕಿಕೊಂಡವರು, ಇಂಗ್ಲಿಷಿನಲ್ಲಿ ಮಾಡಿದಾಗ 'ಥ್ಯಾಂಕ್ಯೂ' ಎಂದು ಬರುತ್ತೀರಿ. ಯಾಕೆ?

ಎಲ್ಲಿಂದ ಬಂತು ಈ 'ನಿಷ್ಠೆ'?

ಇದಕ್ಕೆ ಅವರಿಟ್ಟ ಹೆಸರು 'ಲಾಯಲ್ಟಿ ಪ್ರೋಗ್ರಾಂ'. ಲಾಯಲ್ಟಿ ಎಂದರೆ ನಿಷ್ಠೆ. ದೊಡ್ಡ ಮಾತು. ತಾಯಿಗೆ, ನೆಲಕ್ಕೆ, ಕೊಟ್ಟ ಮಾತಿಗೆ ಬಳಸುವ ಮಾತು. ಅದನ್ನು ರೂಮು ಬಾಡಿಗೆಗೆ ಇಳಿಸಿದವರು ಅಮೆರಿಕದ ಕಂಪನಿಗಳು. 1981ರಲ್ಲಿ ಅಮೆರಿಕನ್ ಏರ್‌ಲೈನ್ಸ್ ವಿಮಾನದ ಮೈಲಿಗೆ ಬಹುಮಾನ ಕೊಡಲು ಶುರು ಮಾಡಿತು. ಅದನ್ನು ನೋಡಿ 1983ರಲ್ಲಿ ಹಾಲಿಡೇ ಇನ್, ಅದೇ ವರ್ಷ ಮ್ಯಾರಿಯಟ್, 1987ರಲ್ಲಿ ಹಿಲ್ಟನ್ ಹೋಟೆಲು ರೂಮಿಗೂ ಅದೇ ಅಂಗಿ ತೊಡಿಸಿದವು.

ಅದಕ್ಕೆ ಮುಂಚೆ ನಮ್ಮಲ್ಲಿ ಇದು ಇರಲಿಲ್ಲವೇ? ಇತ್ತು. ಹೆಸರು 'ವರ್ತನೆ'. ವರ್ತನೆ ಹಾಲು, ವರ್ತನೆ ಅಂಗಡಿ, ವರ್ತನೆ ಗಿರಾಕಿ. ಮೂರನೆಯ ಸಲ ಹೋದರೆ ಲಾಡ್ಜಿನ ಮ್ಯಾನೇಜರ್ ಮುಖ ನೋಡಿ 'ಬನ್ನಿ ಸಾರ್, ಹೋದ ಸಲದ ರೂಮೇ ಖಾಲಿ ಇದೆ, ನೂರು ರೂಪಾಯಿ ಕಡಿಮೆ ಕೊಡಿ' ಎನ್ನುತ್ತಿದ್ದ. ಈಗಲೂ ಎಷ್ಟೋ ಕಡೆ ಎನ್ನುತ್ತಾನೆ. ಆ ನೂರು ರೂಪಾಯಿ ಅಲ್ಲಿಯೇ, ಆಗಲೇ, ನಿಮ್ಮ ಜೇಬಿನಲ್ಲಿ ಉಳಿಯುತ್ತದೆ. ಅದಕ್ಕೆ ಅವಧಿ ಇಲ್ಲ, ಪಾಸ್‌ವರ್ಡ್ ಇಲ್ಲ, ನಕ್ಷತ್ರ ಗುರುತು ಹಾಕಿದ ಸಣ್ಣ ಅಕ್ಷರದ ಷರತ್ತಿಲ್ಲ.

ನಿಷ್ಠೆಗೆ ಸಿಕ್ಕ ಬಹುಮಾನ ನೋಡಿ

ಬಾಯಿಮಾತು ಬೇಡ, ದಾಖಲೆ ನೋಡೋಣ. ಸ್ಟಾರ್‌ವುಡ್ ಎಂಬ ಹೋಟೆಲ್ ಕಂಪನಿ ಇತ್ತು. ಶೆರಟನ್, ವೆಸ್ಟಿನ್ ಎಲ್ಲ ಅವರದೇ. 1999ರಲ್ಲಿ ಅವರು 'ಎಸ್‌ಪಿಜಿ' ಎಂಬ ಯೋಜನೆ ತಂದರು. ಹಬ್ಬ, ರಜೆ ಎಂದು ನೆಪ ಹೇಳಿ ಉಚಿತ ರೂಮು ನಿರಾಕರಿಸುವುದಿಲ್ಲ ಎಂಬುದೇ ಅವರ ದೊಡ್ಡ ಭರವಸೆ. ಜನ ನಂಬಿದರು. ಊರೂರು ಅಲೆಯುವವರು ಹತ್ತಾರು ವರ್ಷ ಆ ಬೋರ್ಡನ್ನೇ ಹುಡುಕಿಕೊಂಡು ಹೋದರು.

2016ರಲ್ಲಿ ಮ್ಯಾರಿಯಟ್ ಕಂಪನಿ ಸ್ಟಾರ್‌ವುಡ್ಡನ್ನೇ ಕೊಂಡುಕೊಂಡಿತು. ನಿಷ್ಠಾವಂತರನ್ನು ಯಾರೂ ಕೇಳಲಿಲ್ಲ. ಎಮ್ಮೆ ಮಾರುವಾಗ ಕರುವನ್ನು ಕೇಳುತ್ತಾರೆಯೇ? ಆಗಸ್ಟ್ 2018ರಲ್ಲಿ ಎರಡೂ ಲೆಕ್ಕ ಒಂದಾದವು. ಒಂದು ಸ್ಟಾರ್‌ವುಡ್ ಪಾಯಿಂಟಿಗೆ ಮೂರು ಮ್ಯಾರಿಯಟ್ ಪಾಯಿಂಟು. ಫೆಬ್ರುವರಿ 2019ರಲ್ಲಿ 'ಬಾನ್‌ವಾಯ್' ಎಂಬ ಹೊಸ ಹೆಸರು ಬಂತು.

ಈಗ ಮುಂದಿನ ಲೆಕ್ಕ ಗಮನವಿಟ್ಟು ಓದಿ. ಆಗಸ್ಟ್ 2018ರಲ್ಲಿ ಅವರ ಅತಿ ದುಬಾರಿ ಹೋಟೆಲಿನಲ್ಲೂ ಒಂದು ರಾತ್ರಿಗೆ 60,000 ಪಾಯಿಂಟ್ ಸಾಕಿತ್ತು. ಮಾರ್ಚ್ 2019ರಲ್ಲಿ ಅದು 85,000 ಆಯಿತು. ಸೆಪ್ಟೆಂಬರ್ 2019ರಲ್ಲಿ ಜನದಟ್ಟಣೆಯ ದಿನಗಳಿಗೆ 1,00,000 ಆಯಿತು. ಮಾರ್ಚ್ 2022ರಲ್ಲಿ ಇಂತಿಷ್ಟು ಎಂದು ಹೇಳುವ ಪಟ್ಟಿಯನ್ನೇ ಕಿತ್ತು ಬಿಸಾಕಿದರು! ಈಗ ರೂಮಿನ ದರ ಏರಿದಂತೆ ಪಾಯಿಂಟೂ ಏರುತ್ತದೆ. ಬೆಲೆಪಟ್ಟಿ ಇಲ್ಲದ ಅಂಗಡಿ. ನೀವು ಹೋದ ದಿನ ಅವನು ಹೇಳಿದ್ದೇ ಬೆಲೆ.

60,000 ಕೂಡಿಡಲು ಮೂರು ವರ್ಷ ಒದ್ದಾಡಿದವನ ಗತಿ ಏನು? ಗುರಿ ಮುಟ್ಟುವಷ್ಟರಲ್ಲಿ ಗೋಲು ಕಂಬವನ್ನೇ ಹೊತ್ತುಕೊಂಡು ಓಡಿದರೆ ಅದು ಆಟವೇ? ನೀವು ನಿಷ್ಠೆಯಿಂದಿರಬೇಕು, ಅವರಿಗೆ ಮಾತ್ರ ಆ ಗೊಡವೆ ಬೇಡ!

ಪಕ್ಕಪಕ್ಕ ಇಟ್ಟು ನೋಡೋಣ

ಎಲ್ಲರನ್ನೂ ಒಂದೇ ಚೀಲಕ್ಕೆ ತುಂಬುವುದು ನ್ಯಾಯವಲ್ಲ. ಹೋಲಿಸಿ ನೋಡುವುದಕ್ಕೆ ಮೂರು ಪ್ರಶ್ನೆ ಸಾಕು. ಪಾಯಿಂಟಿಗೆ ನಿಶ್ಚಿತ ಬೆಲೆ ಇದೆಯೇ? ಎಷ್ಟು ದಿನಕ್ಕೆ ಸಾಯುತ್ತದೆ? ಬೆಲೆ ಬದಲಾದರೆ ಮೊದಲೇ ಕಣ್ಣಿಗೆ ಕಾಣುತ್ತದೆಯೇ?

ಮ್ಯಾರಿಯಟ್: ಹೆಚ್ಚಿನ ಬ್ರಾಂಡುಗಳಲ್ಲಿ ಒಂದು ಡಾಲರ್ ಖರ್ಚಿಗೆ 10 ಪಾಯಿಂಟ್. ಕೇಳಲು ಭಾರಿ! ನಿಶ್ಚಿತ ಬೆಲೆ ಇಲ್ಲ, ಪಟ್ಟಿ ಇಲ್ಲ. 24 ತಿಂಗಳು ಖಾತೆಯಲ್ಲಿ ಚಟುವಟಿಕೆ ಇಲ್ಲದಿದ್ದರೆ ಪಾಯಿಂಟಿಗೆ ಎಳ್ಳುನೀರು.

ಹಿಲ್ಟನ್: ಇಲ್ಲೂ ಹೆಚ್ಚಿನ ಕಡೆ ಡಾಲರಿಗೆ 10. ಪಟ್ಟಿಯನ್ನು 2017ರಲ್ಲೇ ಎತ್ತಿ ಹಾಕಿದ್ದಾರೆ. 24 ತಿಂಗಳ ಅವಧಿ. ಒಂದು ಒಳ್ಳೆಯ ಮಾತು: ಅಮೆರಿಕದ ಹೊರಗೆ ಗೋಲ್ಡ್ ಸದಸ್ಯರಿಗೆ ಬೆಳಗಿನ ತಿಂಡಿ ಉಚಿತ.

ಐಎಚ್‌ಜಿ: ಹಾಲಿಡೇ ಇನ್‌ನವರು. ಇಲ್ಲೂ ಪಾಯಿಂಟಿನ ಬೆಲೆ ಹರಿಯುವ ನೀರು. ಯಾವ ದರ್ಜೆಯೂ ಇಲ್ಲದ ಸಾಮಾನ್ಯ ಸದಸ್ಯ 12 ತಿಂಗಳು ಸುಮ್ಮನಿದ್ದರೆ ಕೂಡಿಟ್ಟದ್ದು ಹೋಯಿತು.

ಹಯಾತ್: ಡಾಲರಿಗೆ 5 ಪಾಯಿಂಟ್ ಮಾತ್ರ. ಮ್ಯಾರಿಯಟ್‌ಗಿಂತ ಅರ್ಧ ಎಂದು ಮೂಗು ಮುರಿಯಬೇಡಿ. ಎಲ್ಲರೂ ಪಟ್ಟಿ ಎಸೆದಾಗ ಇವರು ಪಟ್ಟಿಯನ್ನು ಉಳಿಸಿಕೊಂಡರು. ಯಾವ ವರ್ಗದ ಹೋಟೆಲಿಗೆ ಎಷ್ಟು ಎಂದು ಮೊದಲೇ ನೋಡಬಹುದು. ಹಾಗೆಂದು ಪೂಜೆ ಮಾಡಬೇಕಿಲ್ಲ. ಹೋಟೆಲುಗಳನ್ನು ಕೆಳಗಿನ ವರ್ಗದಿಂದ ಮೇಲಿನ ವರ್ಗಕ್ಕೆ ಎತ್ತಿ ಕೂರಿಸುವ ಆಟ ಇಲ್ಲೂ ಉಂಟು.

ಅಕೋರ್: ಫ್ರಾನ್ಸಿನವರು. ನಮ್ಮಲ್ಲಿ ಇಬಿಸ್, ನೊವೊಟೆಲ್, ಮರ್ಕ್ಯೂರ್ ಬೋರ್ಡುಗಳು ಇವರದು. 2,000 ಪಾಯಿಂಟಿಗೆ 40 ಯೂರೋ ರಿಯಾಯಿತಿ. ನೇರ ಲೆಕ್ಕ! ಹೆಚ್ಚಿನ ಬ್ರಾಂಡುಗಳಲ್ಲಿ ಸಾಮಾನ್ಯ ಸದಸ್ಯನಿಗೆ 10 ಯೂರೋ ಖರ್ಚಿಗೆ 25 ಪಾಯಿಂಟ್ ಬರುತ್ತದೆ. ಅಂದರೆ ನೂರಕ್ಕೆ ಐದು. ಇಬಿಸ್‌ನಂಥ ಅಗ್ಗದ ಹೋಟೆಲಿನಲ್ಲಿ ಅದಕ್ಕಿಂತ ಕಡಿಮೆ. ಅವಧಿ 12 ತಿಂಗಳು, ಮೈಮರೆತರೆ ಗೋವಿಂದ.

ನಮ್ಮ ದೇಶದವರು: ಐಟಿಸಿಯ ಒಂದು ಗ್ರೀನ್ ಪಾಯಿಂಟ್ ಒಂದು ರೂಪಾಯಿ. ತಾಜ್ ಹೋಟೆಲಿನವರು ಟಾಟಾ ಕಂಪನಿಯ ನ್ಯೂಕಾಯಿನ್ ಕೊಡುತ್ತಾರೆ; 2022ರಲ್ಲಿ ಬಂದದ್ದು, ಒಂದು ಕಾಯಿನ್ನಿಗೆ ಒಂದು ರೂಪಾಯಿ. ತಾಜ್‌ನಲ್ಲಿ ಸಂಪಾದಿಸಿದ್ದನ್ನು ಬಿಗ್‌ಬಾಸ್ಕೆಟ್‌ನಲ್ಲಿ ಬೇಳೆ, ಅಕ್ಕಿಗೂ ಖರ್ಚು ಮಾಡಬಹುದು.

ಈಗ ಹೇಳಿ. ಡಾಲರಿಗೆ 10 ಕೊಟ್ಟವನು ದೊಡ್ಡವನೋ, ಒಂದು ಪಾಯಿಂಟಿಗೆ ಒಂದು ರೂಪಾಯಿ ಎಂದು ಬೋರ್ಡು ಹಾಕಿದವನು ದೊಡ್ಡವನೋ? ಸಂಖ್ಯೆ ದೊಡ್ಡದಾಗಿ ಕಂಡರೆ ಸಾಕು, ನಮ್ಮವರ ಕಣ್ಣು ಅರಳುತ್ತದೆ. ಅವರಿಗೆ ಬೇಕಾದದ್ದೂ ಅದೇ.

ಪೆನ್ನು ಹಿಡಿದು ಲೆಕ್ಕ ಹಾಕಿ

ವರ್ಷಕ್ಕೆ 30 ರಾತ್ರಿ ಹೊರಗಿರುತ್ತೀರಿ ಎಂದುಕೊಳ್ಳಿ. ರೂಮಿಗೆ 6,000 ರೂಪಾಯಿ. ಒಟ್ಟು 1,80,000 ರೂಪಾಯಿ. ಡಾಲರಿಗೆ 90 ರೂಪಾಯಿ ಎಂದು ಹಿಡಿದರೆ 2,000 ಡಾಲರ್. ಡಾಲರಿಗೆ 10ರಂತೆ 20,000 ಪಾಯಿಂಟ್. ಮೇಲೆ ಕಟ್ಟುವ ಜಿಎಸ್‌ಟಿಗೆ ಪಾಯಿಂಟ್ ಬರುವುದಿಲ್ಲ, ನೆನಪಿರಲಿ.

ಈಗ 9,000 ರೂಪಾಯಿಯ ರೂಮೊಂದನ್ನು 15,000 ಪಾಯಿಂಟಿಗೆ ಕೊಡುತ್ತಾರೆ ಎಂದುಕೊಳ್ಳಿ. ಒಂದು ಪಾಯಿಂಟಿಗೆ 60 ಪೈಸೆ ಬಿತ್ತು. ನಿಮ್ಮ 20,000 ಪಾಯಿಂಟಿನ ಬೆಲೆ 12,000 ರೂಪಾಯಿ. ಖುಷಿಯಾಯಿತೇ? ತಡೆಯಿರಿ. ಅದೇ ರೂಮಿಗೆ ನಾಳೆ 20,000 ಪಾಯಿಂಟ್ ಎಂದರೆ? ಪಾಯಿಂಟು 45 ಪೈಸೆಗೆ ಇಳಿಯಿತು. ನಿಮ್ಮ 12,000 ರೂಪಾಯಿ ರಾತ್ರೋರಾತ್ರಿ 9,000 ಆಯಿತು. ನಿಮ್ಮ ಜೇಬಿನಿಂದ 3,000 ಹೋಯಿತು, ಪೊಲೀಸ್ ಕಂಪ್ಲೇಂಟೂ ಕೊಡುವಂತಿಲ್ಲ. ಕಳ್ಳತನ ಆಗಿಲ್ಲವಲ್ಲ, 'ಯೋಜನೆ ಪರಿಷ್ಕರಣೆ' ಆಗಿದೆ!

ಇನ್ನೊಂದು ಕಡೆಯಿಂದ ನೋಡಿ. ಅದೇ ಊರಿನಲ್ಲಿ ನೀಟಾದ, ಬಿಸಿನೀರು ಬರುವ, ಸ್ಥಳೀಯರೊಬ್ಬರ ಹೋಟೆಲು 4,500ಕ್ಕೆ ಸಿಕ್ಕಿದರೆ? ದಿನಕ್ಕೆ 1,500ರಂತೆ 30 ರಾತ್ರಿಗೆ 45,000 ರೂಪಾಯಿ ನಗದು ಉಳಿಯಿತು. 12,000 ರೂಪಾಯಿಯ ಪಾಯಿಂಟಿಗಾಗಿ 45,000 ನಗದು ಬಿಡುವುದು ಯಾವ ಊರಿನ ಜಾಣತನ?

'ಅಣ್ಣಾ, ರೂಮಿನ ದುಡ್ಡು ಕಂಪನಿಯದು, ಪಾಯಿಂಟ್ ಮಾತ್ರ ನಮ್ಮದು' ಎನ್ನುವ ಹುಡುಗರೂ ಇದ್ದಾರೆ. ಸರಿಯಪ್ಪಾ, ಕಂಪನಿಯೇ ಆ ಹೋಟೆಲು ಹಾಕಿಕೊಟ್ಟರೆ ಪಾಯಿಂಟ್ ತಗೊಳ್ಳಿ, ಯಾರೂ ಬೇಡ ಎನ್ನುವುದಿಲ್ಲ. ಆದರೆ ಪಾಯಿಂಟಿನ ಆಸೆಗೆ ನೀವೇ ದುಬಾರಿ ಹೋಟೆಲನ್ನು ಆರಿಸಿದರೆ? ಅದು ದೊಡ್ಡ ಕಂಪನಿಗೆ ಲೆಕ್ಕಕ್ಕೆ ಬಾರದಿರಬಹುದು. ಸಣ್ಣ ಮಾಲೀಕನಿಗೆ ಬರುತ್ತದೆ.

ನಮ್ಮ ಪ್ರೆಸ್ಸಿಗೆ ಬಿಲ್ ಬುಕ್ ಮಾಡಿಸಲು ಬರುತ್ತಿದ್ದ ಪೀಣ್ಯದ ಒಂದು ವರ್ಕ್‌ಶಾಪಿನ ಹುಡುಗನ ಕತೆ ಹೇಳುತ್ತೇನೆ. ಹೆಸರು ಬೇಡ, ಹೋಟೆಲಿನ ಹೆಸರೂ ಬೇಡ. ಆರ್ಡರ್ ಹಿಡಿಯಲು ತಿಂಗಳಿಗೆರಡು ಸಲ ಹೊರರಾಜ್ಯಕ್ಕೆ ಹೋಗುತ್ತಿದ್ದ. ಗಿರಾಕಿಯ ಕಾರ್ಖಾನೆ ಪಕ್ಕದಲ್ಲೇ ಲಾಡ್ಜ್ ಇದ್ದರೂ ಹತ್ತು ಹನ್ನೆರಡು ಕಿಲೋಮೀಟರ್ ಆಚೆಯ ದೊಡ್ಡ ಬೋರ್ಡಿನ ಹೋಟೆಲೇ ಆಗಬೇಕು. ರೂಮಿಗೆ ಎರಡು ಸಾವಿರ ಹೆಚ್ಚು, ಮೇಲೆ ಟ್ಯಾಕ್ಸಿ. ಮಾಲೀಕರು ಹತ್ತು ಜನರಿಗೆ ಸಂಬಳ ಕೊಡಲು ಒದ್ದಾಡುವ ಮನುಷ್ಯ. ಒಂದು ದಿನ ಬಿಲ್ಲುಗಳನ್ನು ಹರವಿಕೊಂಡು ಕೂತು 'ಇದ್ಯಾಕಪ್ಪಾ ಹೀಗೆ?' ಎಂದು ಕೇಳಿದರು. ಹುಡುಗ ಉತ್ತರ ಕೊಡಲಾರದೆ ತಲೆ ತಗ್ಗಿಸಿದ. ಬೈಗುಳ ಇಲ್ಲ, ಜಗಳ ಇಲ್ಲ. ಆದರೆ ಅವತ್ತಿನಿಂದ ಹೊರಗಿನ ಕೆಲಸಕ್ಕೆ ಬೇರೆಯವರನ್ನು ಕಳಿಸಿದರು. ಹುಡುಗ ವರ್ಷಕ್ಕೂ ಮೇಲ್ಪಟ್ಟು ಬೆಂಗಳೂರು ಬಿಟ್ಟು ಹೋಗಲಿಲ್ಲ. ಅಷ್ಟರಲ್ಲಿ ಕೂಡಿಟ್ಟ ಪಾಯಿಂಟುಗಳ ಅವಧಿಯೂ ಮುಗಿದಿತ್ತು. ವಿಶ್ವಾಸವೂ ಹೋಯಿತು, ಪಾಯಿಂಟೂ ಹೋಯಿತು. ಕೆಟ್ಟ ಹುಡುಗ ಅಲ್ಲ ಅವನು. ಅವನ ಆಸೆಗೆ ಬಲೆ ಹೆಣೆದವರು ಬಹಳ ಬುದ್ಧಿವಂತರು, ಅಷ್ಟೇ.

ಬೆಳ್ಳಿ, ಬಂಗಾರ, ಪ್ಲಾಟಿನಂ!

ಪಾಯಿಂಟಿಗಿಂತ ಹೆಚ್ಚು ಮತ್ತೇರಿಸುವುದು 'ಸ್ಟೇಟಸ್'. ಮ್ಯಾರಿಯಟ್‌ನಲ್ಲಿ ವರ್ಷಕ್ಕೆ 10 ರಾತ್ರಿಗೆ ಸಿಲ್ವರ್, 25ಕ್ಕೆ ಗೋಲ್ಡ್, 50ಕ್ಕೆ ಪ್ಲಾಟಿನಂ, 75ಕ್ಕೆ ಟೈಟಾನಿಯಂ. ನಗರ್ತಪೇಟೆಯ ಯಾವ ಅಂಗಡಿಯಲ್ಲೂ ಇಷ್ಟು ಬಗೆಯ ಲೋಹ ಸಿಗಲಾರದು.

ಸಿಲ್ವರಿನವನಿಗೆ ಸಿಗುವುದು ಹೆಚ್ಚುಕಡಿಮೆ ಒಂದು ನಮಸ್ಕಾರ ಮತ್ತು ಚೂರು ಬೋನಸ್. ಗೋಲ್ಡಿನವನಿಗೆ ಇನ್ನಷ್ಟು ಬೋನಸ್, 'ಸಾಧ್ಯವಾದರೆ' ಸ್ವಲ್ಪ ಒಳ್ಳೆಯ ರೂಮು, 'ಸಾಧ್ಯವಾದರೆ' ತಡವಾಗಿ ಖಾಲಿ ಮಾಡುವ ಅವಕಾಶ. ಮ್ಯಾರಿಯಟ್‌ನಲ್ಲಿ ಗೋಲ್ಡ್ ಆದವನಿಗೆ ತಿಂಡಿ ಹಕ್ಕಲ್ಲ, ಪ್ಲಾಟಿನಂ ಆದವನಿಗೂ ಎಲ್ಲ ಬ್ರಾಂಡಿನಲ್ಲಿ ಇಲ್ಲ. ಹಯಾತ್‌ನಲ್ಲಿ ತಿಂಡಿಯ ಹಕ್ಕಿರುವ ಗ್ಲೋಬಲಿಸ್ಟ್ ದರ್ಜೆಗೆ 60 ರಾತ್ರಿ. ಎರಡು ತಿಂಗಳು ಹೆಂಡತಿ ಮಕ್ಕಳನ್ನು ಬಿಟ್ಟು ಪರಊರಿನ ಹಾಸಿಗೆಯಲ್ಲಿ ಮಲಗಿದರೆ ಇಡ್ಲಿ, ಆಮ್ಲೆಟ್ ಉಚಿತ!

ಡಿಸೆಂಬರ್ ಕೊನೆ ವಾರ ಬಂದರೆ ಇನ್ನೂ ಒಂದು ತಮಾಷೆ. ಪ್ಲಾಟಿನಂಗೆ ಮೂರು ರಾತ್ರಿ ಕಡಿಮೆ ಬಿದ್ದಿದೆ ಎಂದು ತನ್ನದೇ ಊರಿನಲ್ಲಿ, ತನ್ನ ಮನೆ ಇದ್ದೂ, ಕೈಯಿಂದ ದುಡ್ಡು ಕೊಟ್ಟು ರೂಮು ಹಿಡಿಯುವವರಿದ್ದಾರೆ. ಮನೆಯಲ್ಲಿ ಅಮ್ಮ ಬಿಸಿ ಅನ್ನ ಮಾಡಿ ಕಾಯುತ್ತಿರುತ್ತಾಳೆ, ಮಗ ಲೋಹದ ಪದವಿಗಾಗಿ ಹೋಟೆಲಿನಲ್ಲಿ ಮಲಗಿರುತ್ತಾನೆ! ಮುಂದಿನ ವರ್ಷ ರಾತ್ರಿಗಳು ಕಡಿಮೆಯಾದರೆ ಆ ಪದವಿಯೂ ಇಳಿಯುತ್ತದೆ.

ಗಾಳದ ತುದಿಯಲ್ಲಿ ಕ್ರೆಡಿಟ್ ಕಾರ್ಡು

ಹೋಟೆಲಿಗೆ ಹೋಗದವನನ್ನು ಹಿಡಿಯುವುದು ಹೇಗೆ? ಅದಕ್ಕೆ ಬ್ಯಾಂಕುಗಳಿವೆ. 2023ರ ಆಗಸ್ಟ್‌ನಲ್ಲಿ ಎಚ್‌ಡಿಎಫ್‌ಸಿ ಬ್ಯಾಂಕ್ ಮತ್ತು ಮ್ಯಾರಿಯಟ್ ಸೇರಿ ನಮ್ಮ ದೇಶದಲ್ಲಿ ಕಾರ್ಡು ತಂದವು. ಆಗ ಇಟ್ಟ ವಾರ್ಷಿಕ ಶುಲ್ಕ 3,000 ರೂಪಾಯಿ, ಮೇಲೆ ತೆರಿಗೆ. ಜೊತೆಗೆ ಸಿಲ್ವರ್ ದರ್ಜೆ, 15,000 ಪಾಯಿಂಟಿನವರೆಗಿನ ಒಂದು ರಾತ್ರಿ ಉಚಿತ. ಬಿಲ್ಲನ್ನು ತಿಂಗಳಾ ತಿಂಗಳು ಪೂರ್ತಿ ಕಟ್ಟುವವನಿಗೆ, ಆ ಉಚಿತ ರಾತ್ರಿಯನ್ನು ಮರೆಯದೆ ಬಳಸುವವನಿಗೆ ಇದು ನಷ್ಟವಲ್ಲ. ಒಪ್ಪೋಣ.

ಆದರೆ ಪೂರ್ತಿ ಕಟ್ಟದವನಿಗೆ? ಕ್ರೆಡಿಟ್ ಕಾರ್ಡಿನ ಬಡ್ಡಿ ತಿಂಗಳಿಗೆ ನೂರಕ್ಕೆ ಮೂರೂವರೆಯ ಆಸುಪಾಸು. ವರ್ಷಕ್ಕೆ ನೂರಕ್ಕೆ ನಲವತ್ತು ದಾಟುತ್ತದೆ. ಬಡ್ಡಿಗೆ ಶೇಕಡಾ 30ರ ಮಿತಿ ಹಾಕಿದ್ದ ರಾಷ್ಟ್ರೀಯ ಗ್ರಾಹಕ ಆಯೋಗದ 2008ರ ಆದೇಶವನ್ನು ಸುಪ್ರೀಂ ಕೋರ್ಟು ಡಿಸೆಂಬರ್ 2024ರಲ್ಲಿ ತಳ್ಳಿಹಾಕಿತು. ನೂರಕ್ಕೆ ಐದಾರು ರೂಪಾಯಿಯ ಪಾಯಿಂಟಿಗಾಗಿ ನೂರಕ್ಕೆ ನಲವತ್ತು ಬಡ್ಡಿ! ಮೀಟರ್ ಬಡ್ಡಿಯವನನ್ನು ಬೈಯುವ ನಾವು ಇದನ್ನು 'ರಿವಾರ್ಡ್' ಎಂದು ಕರೆಯುತ್ತೇವೆ.

ಪಾಯಿಂಟ್ ಎಂಬುದು ಅವರಿಗೆ ಉಡುಗೊರೆಯಲ್ಲ, ಸರಕು ಎಂಬುದಕ್ಕೆ 2020ನೇ ಇಸವಿಯೇ ಸಾಕ್ಷಿ. ಕೊರೊನಾ ಬಂದು ಹೋಟೆಲುಗಳೆಲ್ಲ ಖಾಲಿ ಹೊಡೆಯುತ್ತಿದ್ದಾಗ ಹಿಲ್ಟನ್ ಕಂಪನಿ ಅಮೆರಿಕನ್ ಎಕ್ಸ್‌ಪ್ರೆಸ್‌ಗೆ 100 ಕೋಟಿ ಡಾಲರಿನ ಪಾಯಿಂಟುಗಳನ್ನು ಮುಂಗಡವಾಗಿ ಮಾರಿತು. ಮ್ಯಾರಿಯಟ್ ತನ್ನ ಕಾರ್ಡು ಬ್ಯಾಂಕುಗಳಿಂದ ಒಟ್ಟು 92 ಕೋಟಿ ಡಾಲರ್ ತಂದಿತು. ರೂಮು ಮಾರಾಟವಾಗದ ಕಾಲದಲ್ಲೂ ಪಾಯಿಂಟು ಮಾರಾಟವಾಯಿತು! ನೋಟು ಅಚ್ಚು ಹಾಕಲು ಸರ್ಕಾರಕ್ಕೂ ಒಂದು ಕಟ್ಟುಪಾಡಿದೆ. ಇವರು ಅಚ್ಚು ಹಾಕುವ ಈ ನೋಟಿಗೆ ಲೆಕ್ಕ ಕೇಳುವವರು ಯಾರು? 2023ರ ಕೊನೆಗೆ ಮ್ಯಾರಿಯಟ್ ತನ್ನ ಲೆಕ್ಕಪತ್ರದಲ್ಲಿ ಸದಸ್ಯರಿಗೆ ತೀರಿಸಬೇಕಾದ ಪಾಯಿಂಟಿನ ಬಾಕಿ ಎಂದು ತೋರಿಸಿದ್ದು ಸುಮಾರು 700 ಕೋಟಿ ಡಾಲರ್. ಪಾಯಿಂಟಿನ ಬೆಲೆ ಇಳಿಸಿದಷ್ಟೂ ಆ ಸಾಲ ಹಗುರವಾಗುತ್ತದೆ. ಸಾಲಗಾರನೇ ಸಾಲದ ಮೊತ್ತ ತೀರ್ಮಾನಿಸುವ ಭಾಗ್ಯ ನಮ್ಮ ರೈತನಿಗೆ ಯಾವತ್ತಾದರೂ ಸಿಕ್ಕಿದೆಯೇ?

ಬೋರ್ಡು ಅವರದು, ಕಟ್ಟಡ ಯಾರದು?

ಇನ್ನೊಂದು ಗುಟ್ಟು ತಿಳಿದುಕೊಳ್ಳಿ. ಈ ದೊಡ್ಡ ಕಂಪನಿಗಳಿಗೆ ಹೆಚ್ಚಿನ ಹೋಟೆಲುಗಳು ಸ್ವಂತವಲ್ಲ. ಕಟ್ಟಡ ಇಲ್ಲಿನವರದು, ಸಾಲ ಇಲ್ಲಿನವರದು, ಬೋರ್ಡು ಮತ್ತು ಬುಕಿಂಗ್ ಅವರದು. ನಮ್ಮ ಬೆಂಗಳೂರಿನ ಬ್ರಿಗೇಡ್ ಸಂಸ್ಥೆಯನ್ನೇ ನೋಡಿ. ಬ್ರಿಗೇಡ್ ಗೇಟ್‌ವೇಯ ಶೆರಟನ್ ಅವರದು, ಅದು ಮ್ಯಾರಿಯಟ್ ಲೆಕ್ಕ. ರೇಸ್ ಕೋರ್ಸ್ ರಸ್ತೆಯ ಹಾಲಿಡೇ ಇನ್ ಅವರದು, ಅದು ಐಎಚ್‌ಜಿ ಲೆಕ್ಕ. ಮೈಸೂರಿನ ಗ್ರ್ಯಾಂಡ್ ಮರ್ಕ್ಯೂರ್ ಅವರದು, ಅದು ಅಕೋರ್ ಲೆಕ್ಕ. ಮಾಲೀಕರು ಒಬ್ಬರೇ, ಬೋರ್ಡು ಮೂರು, ನಿಮ್ಮ ಪರ್ಸಿನಲ್ಲಿ ಕಾರ್ಡೂ ಮೂರು! 'ನಾನು ಅಕೋರ್‌ನವನು, ನೀನು ಮ್ಯಾರಿಯಟ್‌ನವನು' ಎಂದು ಜಂಬ ಪಡುವ ನಮ್ಮ ಹುಡುಗರು ಹಣ ಕೊಟ್ಟು ಮಲಗುವುದು ಒಬ್ಬರೇ ಮಾಲೀಕರ ಕಟ್ಟಡಗಳಲ್ಲಿ.

ಸದಸ್ಯ ಬಂದು ತಂಗಿದಾಗ ಅವನ ಬಿಲ್ಲಿನ ಒಂದು ಪಾಲನ್ನು ಕಟ್ಟಡದ ಮಾಲೀಕರು ಬೋರ್ಡಿನ ಕಂಪನಿಯ ಪಾಯಿಂಟ್ ಯೋಜನೆಗೆ ಕಟ್ಟಬೇಕು. ಆ ಖರ್ಚು ಆಕಾಶದಿಂದ ಬೀಳುವುದಿಲ್ಲ. ರೂಮಿನ ಬಾಡಿಗೆಯಲ್ಲೇ ಬರುತ್ತದೆ. ಅಂದರೆ ನಿಮ್ಮ ಬಹುಮಾನಕ್ಕೆ ನೀವೇ ಚಂದಾ ಕೊಟ್ಟಿದ್ದೀರಿ.

ಇಷ್ಟೆಲ್ಲ ಯಾಕೆ? ನೀವು ಮೇಕ್‌ಮೈಟ್ರಿಪ್, ಬುಕಿಂಗ್ ಡಾಟ್ ಕಾಂ ಬಿಟ್ಟು ನೇರವಾಗಿ ಅವರಲ್ಲೇ ಬುಕ್ ಮಾಡಲಿ ಎಂದು, ದಲ್ಲಾಳಿಗೆ ಕೊಡುವ ಕಮಿಷನ್ ಅವರಿಗೆ ಉಳಿಯಲಿ ಎಂದು. ಹೊರಗಿನ ಆ್ಯಪ್‌ಗಳಲ್ಲಿ ಹಿಡಿದ ರೂಮಿಗೆ ಸಾಮಾನ್ಯವಾಗಿ ಪಾಯಿಂಟ್ ಬರುವುದಿಲ್ಲ. ಇದರ ಜೊತೆಗೆ ಅವರಿಗೆ ಇನ್ನೂ ಒಂದು ಬೇಕು: ನಿಮ್ಮ ವಿವರ. ಎಲ್ಲಿ ಹೋದಿರಿ, ಎಷ್ಟು ದಿನ ಇದ್ದಿರಿ, ಎಷ್ಟು ಖರ್ಚು ಮಾಡಿದಿರಿ, ಎಲ್ಲವೂ.

ಆ ವಿವರವನ್ನು ಅವರು ಕಾಪಾಡಿದ ಚೆಂದವನ್ನೂ ನೋಡಿ. ಸ್ಟಾರ್‌ವುಡ್ ಬುಕಿಂಗ್ ವ್ಯವಸ್ಥೆಯೊಳಗೆ 2014ರಲ್ಲೇ ಕಳ್ಳರು ನುಗ್ಗಿದ್ದರು. ಗೊತ್ತಾಗಿ ಲೋಕಕ್ಕೆ ಹೇಳಿದ್ದು ನವೆಂಬರ್ 2018ರಲ್ಲಿ. ಬ್ರಿಟನ್ನಿನ ಮಾಹಿತಿ ಆಯುಕ್ತರ ಅಂದಾಜಿನಂತೆ 33.9 ಕೋಟಿ ಅತಿಥಿಗಳ ದಾಖಲೆ. ಅದರಲ್ಲಿ 50 ಲಕ್ಷಕ್ಕೂ ಹೆಚ್ಚು ಪಾಸ್‌ಪೋರ್ಟ್ ನಂಬರುಗಳು ಬೀಗವೇ ಇಲ್ಲದೆ ಬಿದ್ದಿದ್ದವು. ಬ್ರಿಟನ್ 2020ರಲ್ಲಿ 1.84 ಕೋಟಿ ಪೌಂಡ್ ದಂಡ ಹಾಕಿತು. ಅಮೆರಿಕದ ರಾಜ್ಯಗಳು 2024ರಲ್ಲಿ 5.2 ಕೋಟಿ ಡಾಲರ್ ಕಕ್ಕಿಸಿದವು. ನಮ್ಮ ದೇಶ 2023ರಲ್ಲಿ ಮಾಹಿತಿ ರಕ್ಷಣೆಯ ಕಾನೂನು ಮಾಡಿತು. ಅದರ ನಿಯಮಗಳು ಹೊರಬಂದದ್ದು ನವೆಂಬರ್ 2025ರಲ್ಲಿ, ಜಾರಿ ಹಂತ ಹಂತವಾಗಿ.

ಚೀಟಿಗೆ ಕಾನೂನಿದೆ, ಪಾಯಿಂಟಿಗೆ?

ಚೀಟಿ ವ್ಯವಹಾರಕ್ಕೆ 1982ರ ಕಾನೂನಿದೆ, ರಿಜಿಸ್ಟ್ರಾರ್ ಇದ್ದಾರೆ, ಠೇವಣಿ ಕಟ್ಟಬೇಕು, ಲೆಕ್ಕ ಕೊಡಬೇಕು. ಪಾಯಿಂಟು ಮಾತ್ರ ದೇವರ ಹುಂಡಿ. ಮ್ಯಾರಿಯಟ್‌ನ ಷರತ್ತುಗಳನ್ನು ಓದಿದರೆ ಬರೆದದ್ದು ಇಷ್ಟು: ಪಾಯಿಂಟು ಸದಸ್ಯನ ಆಸ್ತಿ ಅಲ್ಲ, ಅದಕ್ಕೆ ನಗದು ಬೆಲೆ ಇಲ್ಲ, ಯೋಜನೆಯನ್ನು ಬದಲಿಸುವ ಹಕ್ಕು ಕಂಪನಿಯದು. ಹತ್ತಾರು ಪುಟಗಳ ಇಂಗ್ಲಿಷ್ ಕಾನೂನು ಭಾಷೆ. ಎಂಎ ಓದಿದವನೂ ಪೂರ್ತಿ ಓದದೆ 'ಒಪ್ಪಿದೆ' ಎಂದು ಒತ್ತುತ್ತಾನೆ.

ನಮ್ಮ ಕೈಯಲ್ಲಿ ಆಯುಧವೇ ಇಲ್ಲವೆಂದಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ 'ಅನ್ಯಾಯದ ಕರಾರು' ಯಾವುದೆಂದು ಹೇಳಿದೆ. ಸರಿಯಾದ ಕಾರಣವಿಲ್ಲದೆ ಒಬ್ಬರೇ ಏಕಪಕ್ಷೀಯವಾಗಿ ಕರಾರು ಮುರಿಯುವ ಷರತ್ತೂ ಅದರಲ್ಲಿ ಬರುತ್ತದೆ. ಇಂಥ ದೂರನ್ನು ರಾಜ್ಯ ಗ್ರಾಹಕ ಆಯೋಗಕ್ಕೆ ಕೊಡಬಹುದು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ನಂಬರು 1915. ಬರೆದಿಟ್ಟುಕೊಳ್ಳಿ. ಪಾಯಿಂಟಿನ ಬೆಲೆ ಇಳಿಸಿದ್ದನ್ನು ಪ್ರಶ್ನಿಸಿ ಹತ್ತು ಹುಡುಗರು ಹತ್ತು ಅರ್ಜಿ ಕೊಟ್ಟು ನೋಡಲಿ. ಉತ್ತರ ಕೊಡಬೇಕಾದ ಜಾಗಕ್ಕೆ ಅವರು ಬಂದು ನಿಲ್ಲಲಿ.

ನಮ್ಮ ಬೇಡಿಕೆ ನಾಲ್ಕೇ ನಾಲ್ಕು:

1. ಒಂದು ಪಾಯಿಂಟಿಗೆ ಇಷ್ಟು ಪೈಸೆ ಎಂದು ಎಲ್ಲರೂ ಬರೆದು ಹೇಳಬೇಕು. ಐಟಿಸಿಗೆ, ತಾಜ್‌ಗೆ, ಅಕೋರ್‌ಗೆ ಸಾಧ್ಯವಾಗುವುದು ಮಿಕ್ಕವರಿಗೆ ಯಾಕೆ ಸಾಧ್ಯವಿಲ್ಲ?

2. ಬೆಲೆ ಇಳಿಸುವುದಾದರೆ ಆರು ತಿಂಗಳು ಮುಂಚೆ ತಿಳಿಸಬೇಕು. ಅದುವರೆಗೆ ಕೂಡಿಟ್ಟ ಪಾಯಿಂಟಿಗೆ ಹಳೆಯ ಬೆಲೆಯೇ ಸಲ್ಲಬೇಕು.

3. ದುಡಿದು ಸಂಪಾದಿಸಿದ ಪಾಯಿಂಟು ಸದಸ್ಯನ ಆಸ್ತಿ ಎಂದು ಕಾನೂನು ಒಪ್ಪಬೇಕು. ಹೇಳದೆ ಕೇಳದೆ ಅಳಿಸಬಾರದು.

4. ಮುಖ್ಯ ಷರತ್ತುಗಳನ್ನು ಒಂದೇ ಪುಟದಲ್ಲಿ, ಕಣ್ಣಿಗೆ ಕಾಣುವ ಅಕ್ಷರದಲ್ಲಿ ಕೊಡಬೇಕು. ಈ ನೆಲದಲ್ಲಿ ವ್ಯಾಪಾರ ಮಾಡುವವರು ಇಲ್ಲಿನವರಿಗೆ ಕನ್ನಡದಲ್ಲೂ ಕೊಡಬೇಕು.

ಅದು ಆಗುವವರೆಗೆ ನೀವು ಮಾಡಬೇಕಾದದ್ದು ಇಷ್ಟೇ. ಮೊದಲು ನಿಮ್ಮ ಕೆಲಸಕ್ಕೆ ಹತ್ತಿರದ, ಜೇಬಿಗೆ ಸರಿಹೊಂದುವ ಹೋಟೆಲು ಆರಿಸಿ, ಆಮೇಲೆ ಪಾಯಿಂಟಿನ ಮಾತು. ಪಾಯಿಂಟು ಬಂದರೆ ಕೂಡಿಡಬೇಡಿ, ಉಪ್ಪಿನಕಾಯಿ ಹಾಕಬೇಡಿ. ಮೊದಲ ಅವಕಾಶದಲ್ಲೇ ಖರ್ಚು ಮಾಡಿ. ಅಪ್ಪ ಅಮ್ಮನನ್ನು ಒಂದು ರಾತ್ರಿ ಆ ರೂಮಿನಲ್ಲಿ ಮಲಗಿಸಿ, ಪುಣ್ಯವಾದರೂ ಬರುತ್ತದೆ. ಬುಕ್ ಮಾಡುವ ಮುಂಚೆ ನಗದು ದರವನ್ನು ಪಾಯಿಂಟಿನಿಂದ ಭಾಗಿಸಿ, ಎಷ್ಟು ಪೈಸೆ ಬಿತ್ತೆಂದು ನೋಡಿ. ಬಾಕಿ ಉಳಿಸಿಕೊಳ್ಳುವ ಅಭ್ಯಾಸವಿದ್ದರೆ ಆ ಕಾರ್ಡನ್ನು ಇವತ್ತೇ ಕತ್ತರಿಸಿ. ಹುಬ್ಬಳ್ಳಿಗೋ ಶಿವಮೊಗ್ಗಕ್ಕೋ ಪದೇ ಪದೇ ಹೋಗುವವರು ಒಬ್ಬ ಲಾಡ್ಜ್ ಮಾಲೀಕರ ಜೊತೆ ಕೂತು ಮಾತಾಡಿ: 'ತಿಂಗಳಿಗೆ ಇಷ್ಟು ರಾತ್ರಿ ಬರುತ್ತೇನೆ, ಏನು ಕಡಿಮೆ ಮಾಡುತ್ತೀರಿ?' ಎಂದು ಬಾಯಿಬಿಟ್ಟು ಕೇಳಿ. ಕೇಳುವುದಕ್ಕೆ ನಾಚಿಕೆ ಯಾಕೆ? ಅವರಿಗೂ ವರ್ತನೆ ಗಿರಾಕಿ ಬೇಕು.

ಮೂಗಿಗೆ ಸವರಿದ ತುಪ್ಪದ ವಾಸನೆಯಿಂದ ಯಾರ ಹೊಟ್ಟೆಯೂ ತುಂಬಿಲ್ಲ. ತುಪ್ಪ ತಟ್ಟೆಗೆ ಬೀಳಲಿ, ಆಮೇಲೆ ಮಾತಾಡೋಣ ಎಂದು ಹೇಳುವ ಧೈರ್ಯ ನಮ್ಮ ಹುಡುಗರಿಗೆ ಬರಲಿ.